ಅತ್ತೂರಿಗೆ ಹೋಗಿ, ಮಧ್ಯಾಹ್ನದ ಬೆಟ್ಟ ಮಾತ್ರ ಬೇಡ

ಹಲೋ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ಟೈಪ್ ಮಾಡುವುದು ನನ್ನಿಂದ ಆಗುವ ಕೆಲಸ ಅಲ್ಲ, ಅದಕ್ಕೇ ವಾಯ್ಸ್. ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಕೇಳಿ. ಅರ್ಧಕ್ಕೇ ಹೆಬ್ಬೆರಳು ಒತ್ತಿ ಕೂತುಬಿಡಬೇಡಿ.

ಮಗಾ, ನೀನು ಗ್ರೂಪಿನಲ್ಲಿ ಹಾಕಿದ್ದನ್ನು ನೋಡಿದೆ. ಈ ಭಾನುವಾರ ಕಾರ್ಕಳದ ಅತ್ತೂರು ಚರ್ಚಿನಲ್ಲಿ ಪುಟ್ಟನ ಹರಕೆಯ ಮೇಣದಬತ್ತಿ ಹಚ್ಚಬೇಕು, ಆದರೆ ನಾವು ಕ್ರೈಸ್ತರಲ್ಲ, ಪೂಜೆಯ ಹೊತ್ತಿಗೆ ಒಳಗೆ ಹೋದರೆ ಯಾರಾದರೂ ಏನಾದರೂ ಅಂದಾರಾ ಅಂತ ನಿನಗೆ ಹೆದರಿಕೆ. ಅದನ್ನು ಆಮೇಲೆ ಹೇಳುತ್ತೇನೆ. ನನಗೆ ಹೆದರಿಕೆಯಾದದ್ದು ಅದರ ಕೆಳಗಿನ ಸಾಲು ಓದಿ. ಚರ್ಚ್ ಮುಗಿಸಿ ಹನ್ನೆರಡಕ್ಕೆ ಗೊಮ್ಮಟ ಬೆಟ್ಟ, ಆಮೇಲೆ ಚತುರ್ಮುಖ ಬಸದಿ, ಸಂಜೆ ವರಂಗದ ಕೆರೆ ಬಸದಿ. ಹನ್ನೆರಡಕ್ಕೆ! ಅದೂ ಮಾರ್ಚ್ ತಿಂಗಳಲ್ಲಿ, ಮಕ್ಕಳನ್ನು ಕಟ್ಟಿಕೊಂಡು!

ಮಧ್ಯಾಹ್ನ ಆ ಬೆಟ್ಟಕ್ಕೆ ಹೋಗಬೇಡಿ. ಮಣ್ಣಿನ ಗುಡ್ಡೆ ಅಲ್ಲ ಅದು, ಬುಡದಿಂದ ತುದಿಯವರೆಗೆ ಕಪ್ಪು ಬಂಡೆ. ಬೆಳಗ್ಗೆಯಿಂದ ಬಿಸಿಲು ಕುಡಿದು ಹನ್ನೆರಡಕ್ಕೆ ಕಾವಲಿಯಾಗಿ ಕೂತಿರುತ್ತದೆ.

ನಿನ್ನ ಗಂಡನನ್ನೇ ಕೇಳು. ನೆನಪಿಲ್ಲ ಅನ್ನುತ್ತಾನೆ, ಚಿಕ್ಕವ ಆಗ, ಅವನ ಅಮ್ಮನ ಸೊಂಟ ಬಿಡುತ್ತಿರಲಿಲ್ಲ. ಅತ್ತೂರಿನ ಜನವರಿಯ ಜಾತ್ರೆ, ಸಾಂತ್‌ಮಾರಿ ಅನ್ನುತ್ತೇವಲ್ಲ, ಅದು. ನಮ್ಮಲ್ಲಿ ಸಾಂತ್‌ಮಾರಿಗೆ ಹೋಗದವರು ಯಾರು ಹೇಳು? ಬೆಳಗ್ಗೆಯೇ ಹೋಗಿ ಮೇಣದಬತ್ತಿ ಹಚ್ಚಿ, ಚರ್ಚಿನ ಪುಷ್ಕರಿಣಿಯ ನೀರು ಬಾಟಲಿಗೆ ತುಂಬಿಸಿ ಆಗಿತ್ತು. ನೆಟ್ಟಗೆ ಮನೆಗೆ ಬರಬೇಕಿತ್ತು. ಬೈಲೂರಿನ ಚಿಕ್ಕಪ್ಪ ಜೀಪು ತಂದಿದ್ದರಲ್ಲ, ಅವರ ಮಾತೇ ನಡೆಯಬೇಕು. "ಬಂದದ್ದು ಬಂದಾಯಿತು, ಗೊಮ್ಮಟನನ್ನೂ ನೋಡಿಬಿಡೋಣ" ಅಂದರು. ದೇವರ ಬೆಟ್ಟಕ್ಕೆ ಚಪ್ಪಲಿ ಬೇಡ, ಜೀಪಿನಲ್ಲೇ ಬಿಡಿ ಅಂತ ಅಪ್ಪಣೆ ಬೇರೆ.

ಹತ್ತುವಾಗ ಏನೋ ಉತ್ಸಾಹದಲ್ಲಿ ಹತ್ತಿದೆವು. ಅರ್ಧಕ್ಕೆ ಬರುವಾಗ ಪಾದ ಊರಲಿಕ್ಕೇ ಆಗುತ್ತಿಲ್ಲ. ಹಿಂದೆ ಹೋದರೂ ಬಂಡೆ, ಮುಂದೆ ಹೋದರೂ ಬಂಡೆ, ಒಂದು ಗಿಡದ ನೆರಳಿಲ್ಲ. ನಿನ್ನ ಅತ್ತೆಗೆ ಮಗುವನ್ನು ಎತ್ತಿ ಎತ್ತಿ ಸಾಕಾಗಿ ಒಂದು ಗಳಿಗೆ ಕೆಳಗೆ ಬಿಟ್ಟಳು. ಕುಣಿದ ನೋಡು ಅವನು! ನಾವು ಮೊದಲು ಆಟ ಅಂದುಕೊಂಡೆವು. ಆಮೇಲೆ ಕಿರುಚಾಟ. ಎತ್ತಿ ನೋಡಿದರೆ ಎರಡೂ ಅಂಗಾಲು ಕೆಂಪು. ಅವಳು ಸೆರಗು ಹಾಸುವುದು, ನಾನು ಪುಷ್ಕರಿಣಿಯ ನೀರು ಸುರಿಯುವುದು. ಮನೆಗೆ ಬರುವಷ್ಟರಲ್ಲಿ ಬೊಬ್ಬೆ ಎದ್ದಿತ್ತು. ದಿನಗಟ್ಟಲೆ ಹುಡುಗ ನೆಲಕ್ಕೆ ಕಾಲು ಇಡಲಿಲ್ಲ. ಆ ಗೊಮ್ಮಟ 42 ಅಡಿ, ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ್ದು ಅಂತ ಶಾಲೆಯಲ್ಲಿ ಓದಿದ್ದೇ ಬಂತು, ಆ ದಿನ ತಲೆಯೆತ್ತಿ ಮುಖ ನೋಡಿದವರು ಯಾರು?

ಆ ರಾತ್ರಿ ಬೇಸಿನ್ನಿನಲ್ಲಿ ಕಾಲಿಟ್ಟು ಕೂತಾಗ ಅತ್ತೂರು ಚರ್ಚು ಯಾರ ಹೆಸರಿನದೋ ಆ ಸಂತ ಲಾರೆನ್ಸರ ಕಥೆ ನೆನಪಾಯಿತು. ರೋಮಿನಲ್ಲಿ 258ರಲ್ಲಿ ಅವರನ್ನು ಕಬ್ಬಿಣದ ಸರಳಿನ ಮೇಲೆ ಮಲಗಿಸಿ ಸುಟ್ಟರು ಅನ್ನುತ್ತಾರಲ್ಲ. ಅವರ ಹರಕೆ ತೀರಿಸಿದ ದಿನವೇ ನಮಗೂ ಸುಡಬೇಕಾ ಅಂತ ನಗುವೂ ಬಂತು, ಸಿಟ್ಟೂ ಬಂತು. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಮಧ್ಯಾಹ್ನ ಬೆಟ್ಟ ಹತ್ತಬೇಡಿ. ಕಾಲಿಗೆ ಸಾಕ್ಸ್ ಹಾಕುತ್ತೇವೆ ದೊಡ್ಡಮ್ಮ ಅಂತ ಹೇಳಲೂ ಬೇಡಿ.

ಬೈಲೂರಿನವರು ಒಂದು ದಿನ ಒಪ್ಪಿಕೊಂಡರಾ? ಇಲ್ಲ. "ನಿಮ್ಮ ಮನೆಯ ಮಕ್ಕಳು ಬಹಳ ನಾಜೂಕು" ಅಂತ ಮದುವೆ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಜಾತ್ರೆಯಲ್ಲಿ ತೆಗೆದುಕೊಂಡ ಬೆಂಡು ಬತ್ತಾಸು, ಖರ್ಜೂರದ ಕಟ್ಟು ಅವರ ಜೀಪಿನಲ್ಲೇ ಉಳಿಯಿತು, ಅದರ ಸುದ್ದಿಯೇ ಇಲ್ಲ. ಇರಲಿ, ಅವರು ಈ ಗ್ರೂಪಿನಲ್ಲಿ ಇದ್ದಾರೆ, ಕೇಳಲಿ.

ಅವರೊಬ್ಬರೇ ಅಲ್ಲ. ಮೊದಲೆಲ್ಲ ಜಾತ್ರೆ ಅಂದರೆ ನಮ್ಮ ಜಗಲಿಯಲ್ಲಿ ಚಾಪೆ ಹಾಸಲು ಜಾಗ ಸಾಲುತ್ತಿರಲಿಲ್ಲ. 2016ರಲ್ಲಿ ಅತ್ತೂರು ಬೆಸಿಲಿಕಾ, ಅಂದರೆ ಪೋಪರು ವಿಶೇಷ ಗೌರವ ಕೊಟ್ಟ ಚರ್ಚು, ಆದ ಮೇಲಂತೂ ಬರುವ ಜನ ಇನ್ನೂ ಜಾಸ್ತಿ. ನಮ್ಮ ಮನೆಗೆ ಮಾತ್ರ ಯಾರೂ ಇಲ್ಲ. ಎಲ್ಲರೂ ಕಾರಿನಲ್ಲಿ ಗೇಟಿನ ಮುಂದೆಯೇ ಹಾದು ಹೋಗುತ್ತೀರಿ, ಸಂಜೆ ವರಂಗದ ಕೆರೆಯ ನಡುವಿನ ಬಸದಿ, ದೋಣಿ, ಕಮಲದ ಹೂ ಅಂತ ಗ್ರೂಪಿಗೆ ಫೋಟೋ ಹಾಕುತ್ತೀರಿ. ನಾನು ಅದಕ್ಕೆ ಕೈಮುಗಿದ ಚಿತ್ರ ಒತ್ತಬೇಕು. ಹೋದ ವರ್ಷ ಯಾರು ಯಾರು ಹಾಗೆ ಮಾಡಿದಿರಿ ಅಂತ ಹೆಸರು ಹೇಳುವುದಿಲ್ಲ.

ಅಯ್ಯೋ, ನೀನು ಕೇಳಿದ್ದು ಚರ್ಚಿನ ವಿಷಯ ಅಲ್ವಾ. ಹೋಗಿ, ಧಾರಾಳವಾಗಿ ಹೋಗಿ. ಅಲ್ಲಿ ಯಾವ ಜಾತಿ ಅಂತ ಯಾರೂ ಕೇಳುವುದಿಲ್ಲ. ಬಲಿಪೂಜೆ, ಅಂದರೆ ಅವರ ಪ್ರಾರ್ಥನೆಯ ಪೂಜೆ, ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಿ. ಅವರು ಎದ್ದಾಗ ಎದ್ದರೆ ಸಾಕು. ನಡುವೆ ಓಡಾಡುವುದು, ಫೋನ್ ಹಿಡಿಯುವುದು ಬೇಡ. ಒಂದು ಮುಖ್ಯ: ಕೊನೆಯ ಹೊತ್ತಿಗೆ ಎಲ್ಲರೂ ಸಾಲಾಗಿ ಹೋಗಿ ಪಾದ್ರಿಗಳ ಕೈಯಿಂದ ಬಿಳಿ ಬಿಲ್ಲೆಯ ಹಾಗಿನದ್ದು ತೆಗೆದುಕೊಳ್ಳುತ್ತಾರೆ. ದೇವಸ್ಥಾನದ ಪ್ರಸಾದ ಅಂದುಕೊಂಡು ನೀವೂ ಕೈ ಒಡ್ಡಬೇಡಿ. ಅದು ಪರಮಪ್ರಸಾದ, ಅವರಲ್ಲಿ ದೀಕ್ಷೆ ಆದವರಿಗೆ ಮಾತ್ರ. ಮಕ್ಕಳಿಗೆ ಮೊದಲೇ ಹೇಳಿಡು. ಮೇಣದಬತ್ತಿ ಪೂಜೆ ಮುಗಿದ ಮೇಲೆ ಹಚ್ಚಿದರಾಯಿತು.

ಬೆಟ್ಟಕ್ಕೆ ಬೆಳಗ್ಗೆ ಮೊದಲು ಹೋಗಿ. ಮೇಲಿನವರೆಗೆ ಕಾರು ಹೋಗುವ ರಸ್ತೆ ಇದೆ, ಆಮೇಲೂ ಸ್ವಲ್ಪ ಮೆಟ್ಟಿಲಿದೆ. ಅತ್ತೆಯ ಮೊಣಕಾಲು ನೋಡಿಕೊಂಡು ನಿಧಾನ ಹತ್ತಿಸಿ. ಎದುರಿನ ಗುಡ್ಡೆಯ ಚತುರ್ಮುಖ ಬಸದಿಯನ್ನೂ ಆಗಲೇ ಮುಗಿಸಿ, ಅದೂ ಕಲ್ಲೇ. ಆಮೇಲೆ ಅತ್ತೂರು. ವರಂಗ ಬಿಸಿಲು ಇಳಿದ ಮೇಲೆ, ಆದರೆ ಕತ್ತಲಿಗೆ ಮೊದಲು, ದೋಣಿಯವರು ಇರುವಾಗಲೇ.

ನಡುವೆ ಮಧ್ಯಾಹ್ನ ಊಟ ನಮ್ಮಲ್ಲಿ. ಎಷ್ಟು ಜನ ಅಂತ ಶನಿವಾರ ಸಂಜೆಯೊಳಗೆ ಹೇಳು, ಮಕ್ಕಳಿಗೆ ಕುಚ್ಚಲಕ್ಕಿ ಆಗುತ್ತದಾ ಬೆಳ್ತಿಗೆ ಇಡಬೇಕಾ ಅದನ್ನೂ ಹೇಳು.