ಕೆರೆ ಏರಿಯ ಕಾಂಗ್ರೆಸ್ ಗಿಡ: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ಅಣ್ಣ: (ಫೋಟೊ) ಅಂತೂ ಕೆರೆ ಏರಿಯ ಕಾಂಗ್ರೆಸ್ ಗಿಡಕ್ಕೆ ಔಷಧಿ ಹೊಡೆಸಿದರು. ಗ್ಲೈಫೋಸೇಟ್ ಅನ್ನುವ ಕಳೆನಾಶಕ ಅಂತೆ. ಹದಿನೈದು ದಿನದಿಂದ ಓಡಾಡಿದ್ದೆ 👏

ನಾನು: ಅಣ್ಣ, ಫೋಟೊ ದೊಡ್ಡದು ಮಾಡಿ ನೋಡು. ಗಿಡದ ತುಂಬ ಬಿಳಿ ಹೂವು. ಕೆಲವು ಆಗಲೇ ಕಂದಾಗಿವೆ, ಅಂದರೆ ಬೀಜ ಕಟ್ಟಿದೆ. ಗಿಡ ಒಣಗಿದರೂ ಬೀಜ ಅಲ್ಲೇ ಉದುರುತ್ತದೆ. ದೊಡ್ಡ ಗಿಡ ಒಂದಕ್ಕೇ 10,000ಕ್ಕೂ ಜಾಸ್ತಿ ಬೀಜ!

ಅಣ್ಣ: ಹಾಗಂತ ಸುಮ್ನೆ ಬಿಡಬೇಕಾ? ಇರುವ ನಾಲ್ಕು ಜನ ಪೌರಕಾರ್ಮಿಕರು ಚರಂಡಿ ನೋಡಬೇಕಾ, ಕಸ ಎತ್ತಬೇಕಾ, ಗಿಡ ಕೀಳಬೇಕಾ? ಔಷಧಿ ಆದರೆ ಅರ್ಧ ದಿನದಲ್ಲಿ ಮುಗಿಯುತ್ತದೆ.

ಚಿಕ್ಕಮ್ಮ: ಕೀಳುವುದು ಸುಲಭ ಅಲ್ಲಪ್ಪ. ಪಕ್ಕದ ಖಾಲಿ ಸೈಟಲ್ಲಿ ನಾನು ಬರಿಗೈಯಲ್ಲಿ ಕಿತ್ತು ಮೊಣಕೈವರೆಗೆ ದದ್ದು ಎದ್ದಿತ್ತು. ರಾತ್ರಿಯೆಲ್ಲ ತುರಿಕೆ. ಆಮೇಲೆ ಚರ್ಮ ಒರಟಾಗಿ ಸಿಪ್ಪೆ ಎದ್ದಿತು. ಗ್ಲೌಸ್ ಕೊಡದೆ ಆ ಹೆಂಗಸರ ಕೈಲಿ ಕೀಳಿಸಬೇಡಿ.

ನಾನು: ಖಂಡಿತ ಚಿಕ್ಕಮ್ಮ. ಗ್ಲೌಸ್, ಮಾಸ್ಕ್, ತುಂಬು ತೋಳಿನ ಅಂಗಿ ಇಲ್ಲದೆ ಬೇಡ. ಆದರೆ ಔಷಧಿ ಹೊಡೆಯುವವನನ್ನೂ ನೋಡಿ. ಬೆನ್ನಿಗೆ ಕ್ಯಾನು, ಕಾಲಿಗೆ ಹವಾಯಿ ಚಪ್ಪಲಿ, ಮುಖಕ್ಕೆ ಟವೆಲ್ ಅಷ್ಟೇ. ಪೆಸ್ಟ್ ಕಂಟ್ರೋಲ್‌ನವರು ಬಿಟ್ಟು ಬೇರೆಯವರು ಗ್ಲೈಫೋಸೇಟ್ ಹೊಡೆಯಬಾರದು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು. ಏರಿ ಕೆಳಗೇ ದನ ನೀರು ಕುಡಿಯುತ್ತವೆ, ಅಲ್ವಾ?

ದೊಡ್ಡಪ್ಪ: ಈ ಗಿಡ ಪುಣೆ ಕಡೆ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ. ಆಮೇಲೆ 1984ರಲ್ಲಿ ಬೆಂಗಳೂರಲ್ಲಿ ಮೆಕ್ಸಿಕೋದ ಜೀರುಂಡೆ ತಂದು ಬಿಟ್ಟರು. ನಾನೇ ನೋಡಿದ್ದೇನೆ. ಬಿಳಿಚಿದ ಬೆನ್ನು, ಮೇಲೆ ಕಂದು ಗೀರು. ಎಲೆಯೆಲ್ಲ ತಿಂದು ಬರೀ ಕಡ್ಡಿ ಉಳಿಸುತ್ತದೆ.

ಅಣ್ಣ: ನಲವತ್ತು ವರ್ಷ ಆಯಿತಲ್ಲ ದೊಡ್ಡಪ್ಪ, ಗಿಡ ಹೋಯಿತಾ?

ನಾನು: ಪೂರ್ತಿ ಹೋಗಲಿಲ್ಲ. ಮಳೆಗಾಲ ಮುಗಿದರೆ ಹುಳ ಮಣ್ಣಿಗಿಳಿಯುತ್ತದೆ, ಗಿಡ ಮಾತ್ರ ತೇವ ಸಿಕ್ಕಾಗಲೆಲ್ಲ ಹುಟ್ಟುತ್ತದೆ. ಹುಳ ಒಂದನ್ನೇ ನಂಬಿದರೆ ಆಗಲ್ಲ. ಮೊದಲ ಮಳೆ ಬಿದ್ದು ಗಿಡ ಗೇಣುದ್ದ ಆದಾಗ, ಹೂ ಬಿಡುವ ಮುಂಚೆ ಕೀಳಬೇಕು. ಒದ್ದೆ ಮಣ್ಣಲ್ಲಿ ಬೇರು ಸಮೇತ ಸಲೀಸಾಗಿ ಬರುತ್ತದೆ. ಕುಡುಗೋಲಲ್ಲಿ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕಿತ್ತ ಜಾಗದಲ್ಲಿ ತಗಚೆ ಬೀಜ ಎರಚಿದರೆ ಅದು ದಟ್ಟವಾಗಿ ಬೆಳೆದು ಇದನ್ನು ಅಡಗಿಸುತ್ತದೆ.

ಅಣ್ಣ: ಆ ಹೊತ್ತಿಗೆ ಇದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಗಿಡ ಎದೆಮಟ್ಟ ಬಂದ ಮೇಲೇ ಎಲ್ಲರಿಗೂ ಎಚ್ಚರ ಆಗುವುದು.

ನಾನು: ಅದನ್ನೇ ಹೇಳುತ್ತಿದ್ದೇನೆ ಅಣ್ಣ. ನಾವು ದೂರು ಕೊಡುವುದು ಹೂವು ಕಂಡ ಮೇಲೆ, ಅವರು ಬರುವುದೂ ಆಗಲೇ. ಮುಂದಿನ ವರ್ಷ ಅರ್ಜಿ ಮೇ ತಿಂಗಳಲ್ಲೇ ಕೊಡೋಣ.

ಚಿಕ್ಕಮ್ಮ: ಗ್ಲೌಸ್ ವಿಷಯ ಮೊದಲು ಬರೆ.

ಅಣ್ಣ: ಬರೆದು ಕಳಿಸು, ಸಹಿ ಹಾಕುತ್ತೇನೆ. ಆಳು ಸಿಗಲಿಲ್ಲ ಅಂದರೆ ಮಾತ್ರ ನಾನು ಮತ್ತೆ ಔಷಧಿಯನ್ನೇ ಕೇಳುವುದು.