ಅಪ್‌ಗ್ರೇಡ್ ಆದಮೇಲೆ ಔಟ್‌ಲುಕ್‌ನಲ್ಲಿ ನಮ್ಮ ರಜೆ ಫಾರ್ಮ್ ತೆರೆಯುತ್ತಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಐಟಿಯವನಲ್ಲ. ಆದರೆ ಆಫೀಸಿನಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಎಲ್ಲರೂ ನನ್ನ ಮೇಜಿಗೇ ಬರುತ್ತಾರೆ, ಹಾಗಾಗಿ ತಲೆನೋವು ನನ್ನದೇ.

ನಮ್ಮಲ್ಲಿ ರಜೆ ಕೇಳೋದಕ್ಕೆ ಔಟ್‌ಲುಕ್‌ನಲ್ಲೇ ಮಾಡಿದ ಒಂದು ಕಸ್ಟಮ್ ಫಾರ್ಮ್ ಇದೆ. ಮಾಡಿದವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು. ಔಟ್‌ಲುಕ್ 2013 ಇರುವವರೆಗೆ ಚೆನ್ನಾಗಿಯೇ ನಡೆಯುತ್ತಿತ್ತು. ಹೋದ ವಾರ ಎಲ್ಲಾ ಮೆಷಿನ್‌ಗಳಿಗೆ ಮೈಕ್ರೋಸಾಫ್ಟ್ 365 ಹಾಕಿದೆವು, ಅಲ್ಲಿಂದ ಶುರು. ನಾಲ್ಕು ಜನಕ್ಕೆ ಅದು ಮಾಮೂಲಿ ಮೇಲ್ ಥರ ತೆರೆಯುತ್ತದೆ, ದಿನಾಂಕ, ಕಾರಣ ಯಾವ ಬಾಕ್ಸೂ ಇಲ್ಲ. ನನಗೆ ಫಾರ್ಮ್ ಬರುತ್ತದೆ, ಆದರೆ ದಿನ ಲೆಕ್ಕ ಹಾಕುವ ಬಟನ್ ಒತ್ತಿದರೆ ಏನೂ ಆಗಲ್ಲ, ಎರರ್ ಕೂಡ ಇಲ್ಲ. ಮ್ಯಾನೇಜರ್‌ಗೆ ಮಾತ್ರ ಕಸ್ಟಮ್ ಫಾರ್ಮ್ ತೆರೆಯಲಾಗಲಿಲ್ಲ, ಬದಲಿಗೆ ಔಟ್‌ಲುಕ್ ಫಾರ್ಮ್ ಬಳಸುತ್ತೇನೆ ಅನ್ನೋ ಮೆಸೇಜ್ ಬರುತ್ತದೆ.

ರಿಪೇರ್ ಮಾಡಿದೆ, ಎರಡು ಮೆಷಿನ್‌ನಲ್ಲಿ ತೆಗೆದು ಮತ್ತೆ ಹಾಕಿದೆ. ಎಲ್ಲಾ ಹಾಗೇ ಇದೆ. ಹಳೆಯ ರಜೆ ಅರ್ಜಿಗಳ ಮಾಹಿತಿಯೂ ಹೋಯಿತೇ ಅಂತ ಭಯ.

ಉತ್ತರ 1:
ಮೊದಲು ಭಯ ಬಿಡಿ, ಮಾಹಿತಿ ಎಲ್ಲೂ ಹೋಗಿಲ್ಲ. ಪಬ್ಲಿಷ್ ಮಾಡಿದ, ಅಂದರೆ ಔಟ್‌ಲುಕ್‌ನ ಫಾರ್ಮ್ ಲೈಬ್ರರಿಗೆ ಹಾಕಿಟ್ಟ ಫಾರ್ಮ್ ಆದರೆ ಮೇಲ್ ಒಳಗೆ ಫಾರ್ಮ್ ಇರುವುದಿಲ್ಲ, ಅದರ ಹೆಸರು ಮಾತ್ರ ಇರುತ್ತದೆ. ಅದಕ್ಕೆ ಮೆಸೇಜ್ ಕ್ಲಾಸ್ ಅಂತಾರೆ, ಐಪಿಎಂ.ನೋಟ್.ಲೀವ್ ಅನ್ನೋ ಥರ ಇರುತ್ತದೆ. ಮೇಲ್ ತೆರೆದಾಗ ಔಟ್‌ಲುಕ್ ಆ ಹೆಸರಿನ ಫಾರ್ಮ್ ಹುಡುಕುತ್ತದೆ, ಸಿಗದಿದ್ದರೆ ಒಂದು ಮೆಟ್ಟಿಲು ಕೆಳಗಿಳಿದು ಐಪಿಎಂ.ನೋಟ್, ಅಂದರೆ ಮಾಮೂಲಿ ಮೇಲ್ ಫಾರ್ಮ್‌ನಲ್ಲಿ ತೋರಿಸುತ್ತದೆ. ತುಂಬಿದ ಫೀಲ್ಡ್‌ಗಳು ಮೇಲ್ ಒಳಗೇ ಕೂತಿರುತ್ತವೆ, ತೋರಿಸುವವರಿಲ್ಲ ಅಷ್ಟೇ.

ನೀವು ಹೇಳಿದ್ದು ಒಂದೇ ತೊಂದರೆ ಅಲ್ಲ, ಮೂರು ಬೇರೆ ಬೇರೆ ತೊಂದರೆ. ಅದಕ್ಕೇ ಎಲ್ಲಾ ಮೆಷಿನ್‌ಗೂ ಒಂದೇ ಮದ್ದು ಹಾಕಿದ್ದು ನಾಟಲಿಲ್ಲ. ಇಷ್ಟು ನೋಡಿ ಹೇಳಿ. ಆ ನಾಲ್ಕು ಜನರ ಔಟ್‌ಲುಕ್‌ನಲ್ಲಿ ಮೇಲೆ ಬಲಗಡೆ ಹೊಸ ಔಟ್‌ಲುಕ್ ಅನ್ನೋ ಸ್ವಿಚ್ ಆನ್ ಇದೆಯಾ? ಫಾರ್ಮ್ ಎಲ್ಲಿ ಪಬ್ಲಿಷ್ ಆಗಿದೆ, ಸರ್ವರ್‌ನ ಆರ್ಗನೈಸೇಷನಲ್ ಲೈಬ್ರರಿಯಲ್ಲಾ, ಅಥವಾ ಒಬ್ಬೊಬ್ಬರ ಪರ್ಸನಲ್ ಲೈಬ್ರರಿಯಲ್ಲಾ? ಮತ್ತೆ ಈಗ ಹಾಕಿದ್ದು ಔಟ್‌ಲುಕ್‌ನ 32 ಬಿಟ್ ಆವೃತ್ತಿಯೋ 64 ಬಿಟ್ ಆವೃತ್ತಿಯೋ?

ಪ್ರಶ್ನೆ ಕೇಳಿದವರು:
ಸ್ವಿಚ್ ಇಬ್ಬರಿಗೆ ಆನ್ ಇದೆ! ಅವರೇ ಯಾವಾಗಲೋ ಒತ್ತಿಕೊಂಡಿದ್ದಾರೆ. ಎಕ್ಸ್‌ಚೇಂಜ್ ಅನ್ನೋ ಮೇಲ್ ಸರ್ವರ್ ಇಲ್ಲ, ಎಲ್ಲರದ್ದೂ ಮೇಲನ್ನು ಮೆಷಿನ್‌ಗೇ ಇಳಿಸಿಕೊಳ್ಳುವ ಪಾಪ್ ಅಕೌಂಟ್, ಮೇಲ್ ಎಲ್ಲಾ ಆ ಮೆಷಿನ್‌ನಲ್ಲಿರುವ ಪಿಎಸ್‌ಟಿ ಫೈಲ್‌ನಲ್ಲಿ. ಫಾರ್ಮ್ ಪರ್ಸನಲ್ ಲೈಬ್ರರಿಯಲ್ಲಿ ಇದೆ. ಹಳೆಯದು 32 ಬಿಟ್, ಈಗಿನದು 64.

ಉತ್ತರ 2:
ನಿಮ್ಮ ಬಟನ್ ವಿಷಯ ನಾನು ಹೇಳುತ್ತೇನೆ, ನಾನೂ ಇದರಲ್ಲಿ ಎರಡು ದಿನ ಕಳೆದವನು. 2017ರ ಸೆಪ್ಟೆಂಬರ್ ಸೆಕ್ಯುರಿಟಿ ಅಪ್‌ಡೇಟ್‌ನಿಂದ ಕಸ್ಟಮ್ ಫಾರ್ಮ್ ಒಳಗಿನ ವಿಬಿಸ್ಕ್ರಿಪ್ಟ್ (ಬಟನ್ ಒತ್ತಿದಾಗ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ತಾನಾಗಿ ಓಡುವುದಿಲ್ಲ. ಓಡಿಸಬೇಕಾದರೆ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಅನುಮತಿ ಕೊಡಬೇಕು, ಯಾವ ಫಾರ್ಮ್ ನಂಬಬಹುದು ಅಂತ ಅದರ ಮೆಸೇಜ್ ಕ್ಲಾಸನ್ನೂ ಬರೆದಿಡಬೇಕು. ನಿಮಗೆ 2013ರಲ್ಲಿ ನಡೆಯುತ್ತಿತ್ತು ಅಂದರೆ ಯಾರೋ ಆಗಲೇ ಇದನ್ನು ಮಾಡಿಟ್ಟಿದ್ದಾರೆ, ಇಲ್ಲ ಆ ಮೆಷಿನ್‌ಗಳಿಗೆ ಅಪ್‌ಡೇಟೇ ಹಾಕಿರಲಿಲ್ಲ. ಎರಡನೆಯದು ನಿಜವಾಗಿದ್ದರೆ ನನಗೆ ಹೇಳಬೇಡಿ.

ಕೊಕ್ಕೆ ಇರುವುದು ಇಲ್ಲಿ. 2013ರ ಸೆಟ್ಟಿಂಗ್ ರಿಜಿಸ್ಟ್ರಿಯಲ್ಲಿ 15.0 ಅನ್ನೋ ಫೋಲ್ಡರ್ ಕೆಳಗೆ ಇರುತ್ತದೆ. 2016, 2019, 2021, 365 ಇವೆಲ್ಲಾ ನೋಡುವುದು 16.0. ಹಳೆಯ ಅನುಮತಿ ಅಲ್ಲೇ ಇದ್ದರೂ ಹೊಸದು ಆ ಕಡೆ ತಿರುಗಿಯೂ ನೋಡಲ್ಲ. 15.0ರ ಔಟ್‌ಲುಕ್ ಕೆಳಗೆ ಡಿಸೇಬಲ್‌ಕಸ್ಟಮ್‌ಫಾರ್ಮ್‌ಐಟಂಸ್ಕ್ರಿಪ್ಟ್ ಮತ್ತು ಟ್ರಸ್ಟೆಡ್‌ಫಾರ್ಮ್‌ಸ್ಕ್ರಿಪ್ಟ್‌ಲಿಸ್ಟ್ ಇದೆಯಾ ನೋಡಿ. ಇದ್ದರೆ ಅದೇ ಜಾಗಕ್ಕೆ 16.0ರಲ್ಲಿ ಹಾಕಿ, ಆದರೆ ಮೊದಲನೆಯದು 32 ಬಿಟ್‌ನ WOW6432Node ಫೋಲ್ಡರ್ ಒಳಗಿದ್ದರೆ ನಿಮ್ಮ 64 ಬಿಟ್‌ಗೆ ಅದರ ಹೊರಗೆ ಹಾಕಿ. ಮೊದಲು ರಿಜಿಸ್ಟ್ರಿಯ ಬ್ಯಾಕಪ್ ಮಾತ್ರ ಮರೀಬೇಡಿ. ಮತ್ತೆ ಫಾರ್ಮ್‌ನ ಪ್ರಾಪರ್ಟೀಸ್ ಪುಟದಲ್ಲಿ ಮೇಲ್ ಜೊತೆಗೇ ಫಾರ್ಮ್ ಕಳಿಸು ಅನ್ನೋ ಟಿಕ್ ಇದ್ದರೆ ತೆಗೆಯಿರಿ. ಅದಿದ್ದರೆ ನೀವು ತಲೆಕೆಳಗಾಗಿ ನಿಂತರೂ ಸ್ಕ್ರಿಪ್ಟ್ ಓಡಲ್ಲ.

ಉತ್ತರ 3:
ಸುಮ್ನೆ ಯಾಕೆ ಒದ್ದಾಡುತ್ತೀರಿ? ಹೊಸ ಔಟ್‌ಲುಕ್‌ನಲ್ಲಿ ಕಸ್ಟಮ್ ಫಾರ್ಮ್ ಅನ್ನೋದೇ ಇಲ್ಲ. ವೆಬ್‌ನಲ್ಲೂ ಇಲ್ಲ. ವಿಬಿಸ್ಕ್ರಿಪ್ಟ್ ಕೈಬಿಡುತ್ತೇವೆ ಅಂತ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ, ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅದು ಬೇಕಾದರೆ ಇಟ್ಟುಕೊಳ್ಳುವ, ಬೇಡವಾದರೆ ತೆಗೆಯುವ ಫೀಚರ್ ಆಗಿದೆ. ಬ್ರೌಸರ್‌ನಲ್ಲಿ ತೆರೆಯುವ ಒಂದು ಫಾರ್ಮ್ ಮಾಡಿ, ಮುಗೀತು.

ಪ್ರಶ್ನೆ ಕೇಳಿದವರು:
ನಿಜ ಇರಬಹುದು, ಆದರೆ ನಾಳೆ ಬೆಳಗ್ಗೆ ರಜೆ ಕೇಳುವವರಿಗೆ ನಾನು ಏನು ಹೇಳಲಿ? ಹಳೆಯ ಅರ್ಜಿಗಳನ್ನು ತೆರೆದು ನೋಡುವುದೂ ಬೇಕಲ್ವಾ.

ಉತ್ತರ 1:
ಮೂರನೆಯವರು ಹೇಳಿದ್ದು ಸರಿ, ಆದರೆ ಅದು ಮುಂದಿನ ಕೆಲಸ. ಈಗಿನದು ನೋಡೋಣ.

ಸ್ವಿಚ್ ಆನ್ ಇರುವ ಇಬ್ಬರಿಗೂ ಅದನ್ನು ಆಫ್ ಮಾಡಿ ಕ್ಲಾಸಿಕ್ ಔಟ್‌ಲುಕ್‌ಗೆ ವಾಪಸ್ ತನ್ನಿ, ಅಷ್ಟೇ ಸಾಕು. ಉಳಿದ ಇಬ್ಬರಿಗೆ ಅಪ್‌ಗ್ರೇಡ್ ಮಾಡುವಾಗ ಹೊಸ ಪ್ರೊಫೈಲ್, ಹೊಸ ಪಿಎಸ್‌ಟಿ ಮಾಡಿದ್ದೀರಿ ಅನ್ಸುತ್ತೆ. ಪರ್ಸನಲ್ ಲೈಬ್ರರಿ ಪಿಎಸ್‌ಟಿ ಒಳಗೇ ಇರುವುದರಿಂದ ಫಾರ್ಮ್ ಹಳೆಯ ಫೈಲ್‌ನಲ್ಲೇ ಉಳಿದುಬಿಟ್ಟಿದೆ. ನಿಮ್ಮ ಮೆಷಿನ್‌ನಲ್ಲಿ ಡೆವಲಪರ್ ಟ್ಯಾಬ್‌ನಿಂದ ಫಾರ್ಮನ್ನು ಡಿಸೈನ್‌ನಲ್ಲಿ ತೆರೆದು ಒಎಫ್‌ಟಿ ಟೆಂಪ್ಲೇಟ್ ಆಗಿ ಸೇವ್ ಮಾಡಿ. ಅದನ್ನು ಅವರ ಮೆಷಿನ್‌ಗೆ ಒಯ್ದು ಪಬ್ಲಿಷ್ ಮಾಡಿ. ಹೆಸರು ಒಂದಕ್ಷರ ಬದಲಾಗಬಾರದು. ಬದಲಾದರೆ ಹಳೆಯ ಮೇಲ್‌ಗಳೆಲ್ಲಾ ಮತ್ತೆ ಮಾಮೂಲಿ ಮೇಲ್ ಆಗಿ ತೆರೆಯುತ್ತವೆ.

ಮ್ಯಾನೇಜರ್‌ದು ಕ್ಯಾಶ್, ಅಂದರೆ ಬೇಗ ತೆರೆಯಲು ಔಟ್‌ಲುಕ್ ಇಟ್ಟುಕೊಳ್ಳುವ ಫಾರ್ಮ್‌ನ ಪ್ರತಿ, ಕೆಟ್ಟಿರುವ ಲಕ್ಷಣ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಕಸ್ಟಮ್ ಫಾರ್ಮ್ಸ್, ಮ್ಯಾನೇಜ್ ಫಾರ್ಮ್ಸ್, ಅಲ್ಲಿ ಕ್ಲಿಯರ್ ಕ್ಯಾಶ್ ಒತ್ತಿ. ಬಗ್ಗದಿದ್ದರೆ ಔಟ್‌ಲುಕ್ ಮುಚ್ಚಿ, ಲೋಕಲ್ ಆಪ್‌ಡೇಟಾ ಒಳಗಿನ ಮೈಕ್ರೋಸಾಫ್ಟ್ ಫೋಲ್ಡರ್‌ನಲ್ಲಿ ಫಾರ್ಮ್ಸ್ ಅಂತ ಇರುತ್ತದೆ, ಅದರಲ್ಲಿನ ಎಫ್‌ಆರ್‌ಎಂಕ್ಯಾಶ್ ಫೈಲನ್ನು ಅಳಿಸಿ. ಔಟ್‌ಲುಕ್ ಹೊಸದು ಮಾಡಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಆಗಿದ್ದು ಹೇಳಿಬಿಡುತ್ತೇನೆ. ಆ ನಾಲ್ವರದ್ದೂ ಸರಿಹೋಯಿತು. ಉತ್ತರ 2ರವರು ಹೇಳಿದ ಎರಡೂ ಸೆಟ್ಟಿಂಗ್ 15.0 ಕೆಳಗೆ ಅಚ್ಚುಕಟ್ಟಾಗಿ ಕೂತಿದ್ದವು, 16.0ರಲ್ಲಿ ಹಾಕಿದ ತಕ್ಷಣ ನನ್ನ ಬಟನ್ ಲೆಕ್ಕ ಹಾಕಿತು. ಫಾರ್ಮ್ ಮಾಡಿದ ಪುಣ್ಯಾತ್ಮರು ಎಲ್ಲಾ ಮಾಡಿದ್ದರು, ಒಂದು ಚೀಟಿಯಲ್ಲಿ ಬರೆದಿಡುವುದೊಂದು ಬಿಟ್ಟು. ಮ್ಯಾನೇಜರ್‌ಗೆ ಕ್ಲಿಯರ್ ಕ್ಯಾಶ್‌ನಿಂದ ಆಗಲಿಲ್ಲ, ಫೈಲ್ ಅಳಿಸಿದ ಮೇಲೆ ಫಾರ್ಮ್ ಬಂತು. ಆದರೆ ದಿನಾಂಕ ಆರಿಸುವ ಜಾಗ ಖಾಲಿ. ಈಗ ನೋಡಿದರೆ ಎಲ್ಲರಿಗೂ ಅದು ಖಾಲಿಯೇ, ನಾನು ಗಮನಿಸಿರಲಿಲ್ಲ.

ಉತ್ತರ 2:
ಅದು ಹಳೆಯ ಆಕ್ಟಿವ್‌ಎಕ್ಸ್ ಡೇಟ್ ಪಿಕ್ಕರ್ ಇರಬೇಕು, ಅಂದರೆ ಹೊರಗಿನಿಂದ ತಂದು ಫಾರ್ಮ್‌ನಲ್ಲಿ ಕೂರಿಸಿದ ದಿನಾಂಕದ ಬಾಕ್ಸ್. ಅದು 32 ಬಿಟ್‌ಗೆ ಮಾತ್ರ ಬಂದದ್ದು, 64 ಬಿಟ್ ಔಟ್‌ಲುಕ್‌ನಲ್ಲಿ ಏನು ಮಾಡಿದರೂ ಕೂರಲ್ಲ. ಫಾರ್ಮ್‌ನಿಂದ ಅದನ್ನು ತೆಗೆದು ಔಟ್‌ಲುಕ್‌ನದೇ ಡೇಟ್ ಕಂಟ್ರೋಲ್ ಹಾಕಿ, ಹಳೆಯದು ಯಾವ ಫೀಲ್ಡ್‌ಗೆ ಕಟ್ಟಿತ್ತೋ ಇದನ್ನೂ ಅದಕ್ಕೇ ಕಟ್ಟಿ. ಸ್ಕ್ರಿಪ್ಟ್‌ನಲ್ಲಿ ಕಂಟ್ರೋಲ್ ಹೆಸರು ಬಳಸಿದ್ದರೆ ಹೊಸದಕ್ಕೂ ಅದೇ ಹೆಸರು ಇಡಿ, ಇಲ್ಲದಿದ್ದರೆ ಬಟನ್ ಮತ್ತೆ ಮುಷ್ಕರ ಹೂಡುತ್ತದೆ. ಅದೇ ಹೆಸರಿನಲ್ಲಿ ಮತ್ತೆ ಪಬ್ಲಿಷ್ ಮಾಡಿ, ವರ್ಷನ್ ಬಾಕ್ಸ್‌ನಲ್ಲಿ ನಂಬರ್ ಒಂದು ಹೆಚ್ಚಿಸಿ, ಯಾರ ಹತ್ತಿರ ಹಳೆಯದು ಉಳಿದಿದೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ಬಂತು! ನನ್ನ ಮೆಷಿನ್‌ನಲ್ಲಿ ಬಂತು. ಇನ್ನು ಉಳಿದವರ ಮೇಜಿಗೆ ಒಂದು ಸುತ್ತು ಹೊರಟೆ. ಉತ್ತರ 3ರವರೇ, ಇದು ಮುಗಿದ ಮೇಲೆ ನಿಮ್ಮ ಬ್ರೌಸರ್ ಫಾರ್ಮ್ ವಿಷಯ ಕೇಳೋಕೆ ಬರುತ್ತೇನೆ.