ಸ್ಲೀಪರ್ ಕ್ಯಾಬಿನ್ ಲಾರಿಗೆ ಹೊಸದಾಗಿ ಸೇರ್ತಾ ಇದ್ದೀನಿ, ನೆಲಮಂಗಲ–ಭಿವಂಡಿ ಲೈನ್: ಏನೇನು ಹಾಕಿಸಬೇಕು?

ಟಿಪ್ಪರ್ ಬಿಟ್ಟವನು

ಲೋಕಲ್ ಟಿಪ್ಪರ್ ಬಿಟ್ಟು ದೂರದೂರಿಗೆ ಸರಕು ಒಯ್ಯೋ ಲೈನ್ ಗಾಡಿಗೆ ಹೋಗ್ತಾ ಇದ್ದೀನಿ, ಮುಂಬೈ ಹತ್ತಿರದ ಭಿವಂಡಿವರೆಗೆ. 12 ಚಕ್ರದ ಬಿಎಸ್6 ಗಾಡಿ, 2022ರ ಮಾಡೆಲ್. ಕ್ಲೀನರ್ ಇಲ್ಲ, ಒಬ್ಬನೇ. ಕ್ಯಾಬಿನ್‌ನಲ್ಲಿ ಒಂದು ಬರ್ತ್ ಇದೆ, ಎಸಿ ಇಲ್ಲ, ಫ್ಯಾನೂ ಇಲ್ಲ. ಓನರ್ ಹತ್ತು ಸಾವಿರ ಕೊಡ್ತೀನಿ, ಬೇಕಾದ್ದು ಹಾಕಿಸ್ಕೊ ಅಂದಿದ್ದಾರೆ. ಫ್ಯಾನ್, ಮೊಬೈಲ್ ಚಾರ್ಜಿಂಗ್, ಕೆಟಲ್, ಸಾಧ್ಯ ಆದ್ರೆ ಒಂದು ಸಣ್ಣ ಫ್ರಿಜ್ ಬೇಕು. ಎಲೆಕ್ಟ್ರಿಷಿಯನ್ ಒಬ್ಬರು "ಒಂದು ಬ್ಯಾಟರಿಯಿಂದ 12 ವೋಲ್ಟ್ ಎಳೆದು ಕೊಡ್ತೀನಿ, ಕಾರ್ ಫ್ಯಾನ್ ಸಾಕು" ಅಂತಾರೆ. ಸರಿನಾ? ಗಾಡಿ ಕೈಗೆ ತಗೊಳ್ಳೋ ದಿನ ಏನು ನೋಡಬೇಕು?

ಇಪ್ಪತ್ನಾಲ್ಕು ವೋಲ್ಟ್

ಆ ಎಲೆಕ್ಟ್ರಿಷಿಯನ್ ಕೈಗೆ ವೈರ್ ಕೊಡಬೇಡಿ. ನಿಮ್ಮ ಗಾಡಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿ ಸೇರಿ 24 ವೋಲ್ಟ್ ಆಗಿರುತ್ತೆ. ಒಂದರಿಂದ ಮಾತ್ರ ಕರೆಂಟ್ ಎಳೆದರೆ ಅದೊಂದೇ ಇಳಿಯುತ್ತೆ. ಓಡುವಾಗ ಬ್ಯಾಟರಿ ತುಂಬೋ ಆಲ್ಟರ್ನೇಟರ್‌ಗೆ ಮಾತ್ರ ಎರಡೂ ಸೇರಿ ಒಂದೇ ಬ್ಯಾಟರಿ ಥರ ಕಾಣೋದು. ಹಾಗಾಗಿ ಇಳಿದದ್ದು ಪೂರ್ತಿ ತುಂಬಲ್ಲ, ತುಂಬಿದ್ದು ಓವರ್‌ಚಾರ್ಜ್ ಆಗಿ ಕುದಿಯುತ್ತೆ, ನೀರು ಒಣಗುತ್ತೆ. ಕೆಲವೇ ತಿಂಗಳಲ್ಲಿ ಎರಡನ್ನೂ ಬದಲಾಯಿಸೋ ಖರ್ಚು. 12 ವೋಲ್ಟ್ ಸಾಮಾನು ಬೇಕೇ ಬೇಕು ಅಂದ್ರೆ 24ರಿಂದ 12ಕ್ಕೆ ಇಳಿಸೋ ಕನ್ವರ್ಟರ್, 10 ಆಂಪಿಯರ್‌ದು ಹಾಕಿಸಿ. ಅದಕ್ಕಿಂತ ನೇರವಾಗಿ 24 ವೋಲ್ಟ್ ಫ್ಯಾನ್ ತಗೊಳ್ಳೋದೇ ಲೇಸು. ಮೊಬೈಲ್ ಚಾರ್ಜರ್ ಮೇಲೆ "12–24" ಅಂತ ಇದೆಯಾ ನೋಡಿ, ಬರೀ 12ರದ್ದು ಸುಟ್ಟುಹೋಗುತ್ತೆ.

ಲೆಕ್ಕ ಹೀಗೆ. ಬ್ಯಾಟರಿ 150 ಆಂಪಿಯರ್‌ ಅವರ್ ಇದ್ದರೆ ಅರ್ಧ, ಅಂದ್ರೆ 75, ಮಾತ್ರ ನಿಮ್ಮದು. ಉಳಿದದ್ದು ಸ್ಟಾರ್ಟರ್‌ದು. 15 ವ್ಯಾಟ್ ಫ್ಯಾನ್ ರಾತ್ರಿ 8 ಗಂಟೆ ತಿರುಗಿದರೆ 5 ಆಂಪಿಯರ್‌ ಅವರ್, ಲೆಕ್ಕಕ್ಕೇ ಇಲ್ಲ. 250 ವ್ಯಾಟ್ ಕೆಟಲ್ ಅರ್ಧ ಲೀಟರ್ ಕಾಯಿಸೋಕೆ ಕಾಲು ಗಂಟೆ ತಗೊಂಡರೂ ಮೂರರೊಳಗೇ. ಅದರ ತಲೆನೋವು ಬೇರೆ: 10 ಆಂಪಿಯರ್‌ಗಿಂತ ಜಾಸ್ತಿ ಒಂದೇ ಸಲ ಎಳೆಯುತ್ತೆ, ಸಿಗರೇಟ್ ಲೈಟರ್ ಸಾಕೆಟ್ ಕರಗುತ್ತೆ. ಅದಕ್ಕೆ ಪ್ರತ್ಯೇಕ 4 ಸ್ಕ್ವೇರ್ ಎಂಎಂ ವೈರ್, 15 ಆಂಪಿಯರ್ ಫ್ಯೂಸ್.

ಬ್ಯಾಟರಿ ತಿನ್ನೋದು ಫ್ರಿಜ್. ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 2 ಆಂಪಿಯರ್. ಭಿವಂಡಿ ಗೋಡೌನ್ ಮುಂದೆ ಸರಕು ಇಳಿಸೋಕೆ ಕಾಯ್ತಾ ಎರಡು ದಿನ ಹಾಲ್ಟಿಂಗ್ ಬಿತ್ತು, ಮೇ ತಿಂಗಳ ಬಿಸಿಲು ಅಂದ್ರೆ 75 ಅಲ್ಲೇ ಮುಗೀತು. ಒಳ್ಳೇದು ಹತ್ತು ಸಾವಿರಕ್ಕೆ ಬರೋದೂ ಇಲ್ಲ. ಕಡಿಮೆ ಬೆಲೆಗೆ ಸಿಗೋ ಕಂಪ್ರೆಸರ್ ಇಲ್ಲದ ಕೂಲರ್ ಡಬ್ಬಿ ನಿಲ್ಲದೇ ಕರೆಂಟ್ ಎಳೆಯುತ್ತೆ, ಹೊರಗೆ 40 ಡಿಗ್ರಿ ಇದ್ದರೆ ಒಳಗೆ 20ಕ್ಕೆ ಇಳಿದರೆ ಪುಣ್ಯ. ಫ್ರಿಜ್ ಆಮೇಲೆ ನೋಡಿ. ಆ ದುಡ್ಡಲ್ಲಿ ಬ್ಯಾಟರಿ ಇಳಿದಾಗ ತಾನೇ ಕರೆಂಟ್ ಕಡಿಯೋ ಲೋ-ವೋಲ್ಟೇಜ್ ಕಟ್‌ಆಫ್ ಹಾಕಿಸಿ, 24.2 ವೋಲ್ಟ್‌ಗೆ ಸೆಟ್ ಮಾಡಿ. ಲೋಡ್ ಇಲ್ಲದೆ ತಣ್ಣಗಿರುವಾಗ 25.4 ತೋರಿಸಿದರೆ ಫುಲ್, 24.4 ಅಂದ್ರೆ ಅರ್ಧ ಖಾಲಿ.

ಫ್ಯೂಸ್ ಡ್ಯಾಶ್‌ಬೋರ್ಡ್ ಕೆಳಗಲ್ಲ, ಬ್ಯಾಟರಿ ಹತ್ತಿರ ಒಂದು ಗೇಣಿನೊಳಗೆ ಇರಬೇಕು. ವೈರ್ ಕ್ಯಾಬಿನ್ ಹಿಂಜ್ (ಕ್ಯಾಬಿನ್ ಮುಂದಕ್ಕೆ ಎತ್ತೋ ಕೀಲು) ಹತ್ತಿರ ಹೋಗೋ ಜಾಗದಲ್ಲಿ ಪೈಪ್ ಹಾಕಿ, ಸಡಿಲವಾಗಿ ಒಂದು ಸುತ್ತು ಬಿಡಿ. ಬಿಗಿಯಾಗಿ ಎಳೆದು ಕಟ್ಟಿದ್ದರೆ ಕ್ಯಾಬಿನ್ ಎತ್ತಿದಾಗಲೆಲ್ಲ ಉಜ್ಜಿ ಇನ್ಸುಲೇಷನ್ ಹೋಗುತ್ತೆ. ಬೆಂಕಿ ಶುರುವಾಗೋದು ಅಲ್ಲಿಂದಲೇ.

ಹುಬ್ಬಳ್ಳಿ ಬೈಪಾಸ್

ಕ್ಯಾಬಿನ್ ಎತ್ತೋ ಮಾತು ಬಂತಲ್ಲ, ಅದಕ್ಕ ಹೇಳ್ತೀನ್ರಿ. ಎಂಜಿನ್ ಕೆಲಸಕ್ಕ ಕ್ಯಾಬಿನ್ ಎತ್ತಿದ್ರ ಬರ್ತ್ ಮ್ಯಾಲಿನ ಸಾಮಾನೆಲ್ಲಾ ಸೀದಾ ಮುಂದಿನ ಗಾಜಿಗೆ ಹೋಗಿ ಬೀಳ್ತಾವ. 20 ಲೀಟರ್ ನೀರಿನ ಕ್ಯಾನ್ ಅಂದ್ರ 20 ಕೆಜಿ, ಗಾಜು ಉಳಿಯಂಗಿಲ್ಲ. ಕ್ಯಾನ್, ಕುಕ್ಕರ್, ಜಾಕಿ ಒಂದೂ ಬರ್ತ್ ಮ್ಯಾಲ ಇಡಬ್ಯಾಡ್ರಿ. ಚಾಸಿಗೆ ಬದಿ ಪೆಟ್ಟಿಗಿ ಕಟ್ಟಿಸ್ರಿ, ಅಡಗಿ ಸಾಮಾನು ಅದರಾಗ ಇರಲಿ.

ಗ್ಯಾಸಿಗೆ 5 ಕೆಜಿ ಸಣ್ಣ ಸಿಲಿಂಡರ್ ಸಾಕು. ಗಾಡಿ ಓಡುವಾಗ ರೆಗ್ಯುಲೇಟರ್ ತಗದು, ಮುಚ್ಚಳ ಹಾಕಿ, ನೆಟ್ಟಗ ನಿಲ್ಲಿಸಿ ಪಟ್ಟಿ ಬಿಗೀರಿ. ಅಡ್ಡ ಮಲಗಿಸಬಾರದು. ಸೋರ್ತದೇನು ಅಂತ ಸಾಬೂನು ನೊರಿ ಹಚ್ಚಿ ನೋಡ್ರಿ, ಕಡ್ಡಿ ಗೀರಿ ಅಲ್ಲ. ಕ್ಯಾಬಿನ್ ಒಳಗ ಒಲಿ ಹಚ್ಚೋದು ಬ್ಯಾಡೇ ಬ್ಯಾಡ, ಮಳಿ ಬಂದ್ರೂ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲಕ್ಕ ಕುಂತಿರ್ತದ, ಮೂಗಿಗೆ ಹತ್ತಂಗಿಲ್ಲ. ಸೊಳ್ಳಿ ಬತ್ತೀನೂ ಹಾಂಗ, ಹಾಸಿಗಿ ಹತ್ತಿರ ಕೆಂಡ ಇಟ್ಟಂಗ. ಕಿಟಕಿಗೆ ವೆಲ್ಕ್ರೋ ಜಾಳಿಗಿ ಹಚ್ಚಿದ್ರ ಗಾಳೀನೂ ಬರ್ತದ.

ಹಾಸಿಗಿ 4 ಇಂಚಿಂದು ಗಟ್ಟಿ ಫೋಮ್, ಎರಡು ತುಂಡು ಮಾಡಿಸ್ರಿ. ಬರ್ತ್ ಕೆಳಗಿನ ಖಾನಿ ತಗಿಯೋದು ಸಲೀಸು. ರೆಕ್ಸಿನ್ ಮ್ಯಾಲ ಹತ್ತಿ ಕವರ್ ಹಾಕಲಿಲ್ಲ ಅಂದ್ರ ಬೆವರಿಗೆ ಬೆನ್ನು ಅಂಟ್ತದ.

ಟ್ರಿಪ್ ಶೀಟ್

ಗಾಡಿ ತಗೊಳ್ಳೋ ದಿನ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ: ಕಿಲೋಮೀಟರ್ ಮೀಟರ್, ಡೀಸೆಲ್ ಮುಳ್ಳು, ಪ್ರತಿ ಟೈರ್‌ನ ಸೀರಿಯಲ್ ನಂಬರ್, ಸ್ಟೆಪ್ನಿ, ಜಾಕಿ, ಟಾರ್ಪಾಲ್, ಹಗ್ಗ. ಟೈರ್ ನಂಬರ್ ಬರೆದಿಟ್ಟಿಲ್ಲ ಅಂದ್ರೆ ಹಿಂದಿನವನು ಬದಲಾಯಿಸಿದ್ದೂ ನಿಮ್ಮ ತಲೆಗೇ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಇನ್ಶೂರೆನ್ಸ್, ಎಮಿಷನ್ ತಾರೀಖು ಎಂಪರಿವಾಹನ್ ಆ್ಯಪ್‌ನಲ್ಲೇ ಸಿಗುತ್ತೆ. ಬಾಕಿ ಚಲನ್ ಎಷ್ಟಿದೆ ಅಂತ ಅವತ್ತೇ ನೋಡಿ ಸ್ಕ್ರೀನ್‌ಶಾಟ್ ಕಳಿಸಿ.

ಬಾಟಾ (ದಾರಿ ಭತ್ಯೆ) ಕಿಲೋಮೀಟರ್ ಲೆಕ್ಕವೋ, ಟ್ರಿಪ್ ಲೆಕ್ಕವೋ? ಹಾಲ್ಟಿಂಗ್ ದಿನಕ್ಕೆ ಎಷ್ಟು? ಲೋಡ್ ಇದ್ದಾಗ, ಖಾಲಿ ಬರುವಾಗ ಮೈಲೇಜ್ ಬೇರೆಬೇರೆ ಹಿಡೀತಾರಾ? ಇವೆಲ್ಲ ಬಾಯಿಮಾತಲ್ಲಿ ಬಿಡಬೇಡಿ. ಹಾಲ್ಟಿಂಗ್ ವಿಷಯದಲ್ಲೇ ಜಗಳ ಜಾಸ್ತಿ.

ಇ-ವೇ ಬಿಲ್ (ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ಆನ್‌ಲೈನ್ ಚೀಟಿ) ಅವಧಿ ಮಾಮೂಲಿ ಸರಕಿಗೆ 200 ಕಿಲೋಮೀಟರ್‌ಗೆ ಒಂದು ದಿನದಂತೆ. ಮುಗಿಯೋ ಮುಂಚಿನ ಎಂಟು ಗಂಟೆಯೊಳಗೆ ಅಥವಾ ಮುಗಿದ ಮೇಲಿನ ಎಂಟು ಗಂಟೆಯೊಳಗೆ ಮಾತ್ರ ವಿಸ್ತರಿಸೋಕೆ ಆಗೋದು. ಗಾಡಿ ಕೆಟ್ಟು ಬೇರೆ ಲಾರಿಗೆ ಸರಕು ತುಂಬಿದರೆ ಆ ಬಿಲ್‌ನ ಪಾರ್ಟ್ ಬಿಯಲ್ಲಿ (ಗಾಡಿ ವಿವರದ ಭಾಗ) ಹೊಸ ಗಾಡಿ ನಂಬರ್ ಹಾಕಿಸದೆ ಹೊರಡಬೇಡಿ.

ಟಿಪ್ಪರ್ ಬಿಟ್ಟವನು

ಫ್ರಿಜ್ ಕೈಬಿಟ್ಟೆ. ಇನ್ನೊಂದು: ರಾತ್ರಿ ಬ್ಯಾಟರಿ ಮೇನ್ ಸ್ವಿಚ್ ಆಫ್ ಮಾಡಿ ಮಲಗಬೇಕಾ? ಎಸಿ ಗಾಡಿಯವರು ಎಂಜಿನ್ ಆನ್ ಇಟ್ಟೇ ಮಲಗ್ತಾರಲ್ಲ, ಅದು?

ಇಪ್ಪತ್ನಾಲ್ಕು ವೋಲ್ಟ್

ಆಫ್ ಮಾಡಿದರೆ ಫ್ಯಾನ್ ತಿರುಗಲ್ಲ, ಬೇಡ. ಗಾಡಿ ಬಿಟ್ಟು ಊರಿಗೆ ಹೋಗುವಾಗ ಆಫ್ ಮಾಡಿ. ಆದರೆ ಬಿಎಸ್6ನಲ್ಲಿ ಕೀ ತಿರುಗಿಸಿದ ತಕ್ಷಣ ಅಲ್ಲ. ಕೀ ಆಫ್ ಆದಮೇಲೂ ಒಂದೆರಡು ನಿಮಿಷ ಪಂಪ್ ಗುಂಯ್ ಅಂತಿರುತ್ತೆ, ಹೊಗೆ ಶುದ್ಧ ಮಾಡೋಕೆ ಬಳಸೋ ಯೂರಿಯಾ ದ್ರಾವಣ ಪೈಪಲ್ಲಿ ಉಳಿದದ್ದನ್ನ ವಾಪಸ್ ಟ್ಯಾಂಕಿಗೆ ಎಳೀತಾ ಇರುತ್ತೆ. ಅದು ನಿಂತ ಮೇಲೆ ಸ್ವಿಚ್. ಮುಂಚೆ ಕಿತ್ತರೆ ಡೋಸಿಂಗ್ ನಾಜಲ್‌ನಲ್ಲಿ ಬಿಳಿ ಹರಳು ಕಟ್ಟಿ, ಎಂಜಿನ್ ಪವರ್ ಇಳಿಯುತ್ತೆ.

2025ರ ಅಕ್ಟೋಬರ್ 1ರಿಂದ ತಯಾರಾಗೋ 3.5 ಟನ್‌ಗಿಂತ ಮೇಲಿನ ಗೂಡ್ಸ್ ಗಾಡಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ, ನಿಮ್ಮದು ಹಳೇದು. ಎಂಜಿನ್ ಆನ್ ಇಟ್ಟು ಮಲಗಿದರೆ ಡೀಸೆಲ್ ಹೋಗುತ್ತೆ, ಹೊಗೆ ಫಿಲ್ಟರ್‌ನಲ್ಲಿ ಮಸಿ ತುಂಬುತ್ತೆ. ಪಕ್ಕದ ಲಾರಿಗೆ ಅಂಟಿಕೊಂಡು ನಿಂತಿದ್ದರೆ ಅದರ ಹೊಗೆ ನಿಮ್ಮ ಕ್ಯಾಬಿನ್‌ಗೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರಲ್ಲ.

ಹುಬ್ಬಳ್ಳಿ ಬೈಪಾಸ್

ಟಿಪ್ಪರ್ ಓಡಿಸಿದವರಿಗೆ ಬ್ಯಾರೆ ಹೇಳಬೇಕಾಗಿಲ್ಲ, ಆದ್ರೂ ಕಾತ್ರಜ್ ಹೊಸ ಸುರಂಗ ದಾಟಿ ಪುಣೆದಾಗ ನವಲೆ ಬ್ರಿಜ್ ಕಡಿ ಇಳಿಯುವಾಗ ಡೀಸೆಲ್ ಉಳಿಸಾಕ ನ್ಯೂಟ್ರಲ್ ಮಾಡಬ್ಯಾಡ್ರಿ. ಅಲ್ಲಿ ಆಗಿರೋ ಅಪಘಾತ ಒಂದೆರಡಲ್ಲ. ನ್ಯೂಟ್ರಲ್‌ದಾಗ ಎಕ್ಸಾಸ್ಟ್ ಬ್ರೇಕ್ (ಹೊಗಿ ತಡದು ಎಂಜಿನ್‌ದಿಂದ ಗಾಡಿ ನಿಧಾನ ಮಾಡೋದು) ಹಿಡಿಯಂಗಿಲ್ಲ, ಎಂಜಿನ್ ಬಂದ್ ಮಾಡಿದ್ರ ಕಂಪ್ರೆಸರ್ ಬ್ರೇಕಿಗೆ ಬೇಕಾದ ಗಾಳಿ ತುಂಬಂಗಿಲ್ಲ. ಬ್ರೇಕ್ ಒತ್ತಿ ಒತ್ತಿ ಡ್ರಮ್ ಕಾದು ಹಿಡಿತ ಬಿಡ್ತದ. ಸುರಂಗದಾಗ ಇರುವಾಗಲೇ ಗೇರ್ ಇಳಿಸ್ಕೊಂಡು ಬಿಡ್ರಿ.

ಮಲಗೋ ಮುಂಚೆ ಡೀಸೆಲ್ ಟ್ಯಾಂಕ್ ಬದಿ ಬೆಳಕಿನ ಕಡಿ ಬರೋಹಂಗ ಗಾಡಿ ನಿಲ್ಲಿಸ್ರಿ. ಟ್ಯಾಂಕ್ ಮುಚ್ಚಳಕ್ಕ, ಬ್ಯಾಟರಿ ಪೆಟ್ಟಿಗಿಗೆ ಎರಡಕ್ಕೂ ಬೀಗ. ಬ್ಯಾಟರಿ ಪೆಟ್ಟಿಗಿ ಬೀಗದ್ದು ಓನರ್ ಕೊಡೋ ಹತ್ತು ಸಾವಿರದಾಗ ಮೊದಲನೇ ಖರ್ಚು ಅಂತ ಬರ್ಕೋರಿ.